ಟಾಯರಿಗೆ ಕುಸುಬಿ ಎಣ್ಣೆ

ನಿನ್ನೆ ಮಧ್ಯಾಹ್ನ ಒಲೆಯ ಮೇಲೆ ಎಣ್ಣೆಯ ಬಾಣಲೆ ಇಟ್ಟು, ಹಿತ್ತಲ ಗೋಡೆಗೆ ಆತುಕೊಂಡು ಪಕ್ಕದ ಮನೆಯ ಶಾಂತವ್ವನ ಜೊತೆ ಮಾತಿಗೆ ನಿಂತೆ. ವಿಷಯವೇನೂ ದೊಡ್ಡದಲ್ಲ, ಅವಳ ಬೀಗತಿಯ ದೊಡ್ಡಸ್ತಿಕೆ. ಆದರೆ ಬೀಗತಿಯರ ಮಾತು ತೆಗೆದರೆ ಅದು ಬೇಗ ಮುಗಿಯುವುದುಂಟೆ? ನಾನು ಒಳಗೆ ಬರುವಷ್ಟರಲ್ಲಿ ಅಡಿಗೆಮನೆ ತುಂಬ ಹೊಗೆ. ಮಗ ಕೆಮ್ಮುತ್ತ ಕಿಟಕಿ ತೆಗೆದ. ಸೊಸೆ ಮೂಗಿಗೆ ಸೆರಗು ಹಿಡಿದು ಬಾಣಲೆಯನ್ನು ಹೊರಗೆ ಒಯ್ದಳು. ಅತ್ತೆಗೆ ಅರಳುಮರಳು ಎಂದು ಬಾಯಿಬಿಟ್ಟು ಅನ್ನಲಿಲ್ಲ, ಕಣ್ಣಿನಲ್ಲೇ ಅಂದಳು. ನಾನು ಮಾತ್ರ ಆ ಹೊಗೆಯ ನಡುವೆ ಸೆರಗು ಕಚ್ಚಿಕೊಂಡು ನಗುತ್ತ ನಿಂತಿದ್ದೆ. ಸೀದ ಕುಸುಬಿ ಎಣ್ಣೆಯ ವಾಸನೆಗೆ ಬೇರೆಯವರಿಗೆ ಕೆಮ್ಮು ಬರುತ್ತದೆ, ನನಗೆ ನಮ್ಮ ಮೋಟಾರು ನೆನಪಿಗೆ ಬರುತ್ತದೆ.

ಮೋಟಾರು ಎಂದರೆ ಈಗ ಓಣಿಗೆ ಹತ್ತು ನಿಲ್ಲುತ್ತವಲ್ಲ, ಅಂಥದ್ದಲ್ಲ. ಅದಕ್ಕೆ ಇದ್ದದ್ದೇ ಎರಡು ಆಸನ. ಮುಂದೆ ಮಾರುದ್ದದ ಮೂತಿ, ತಲೆಯ ಮೇಲೆ ಬೇಕಾದರೆ ಎಳೆದುಕೊಳ್ಳುವ ಕಿತ್ತಾನಿನ ಹೊದಿಕೆ, ಸೈಕಲ್ಲಿಗಿರುವಂತೆ ತಂತಿಯ ಗಾಲಿ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಒಳಗೆ ಕೂತವರ ಕಣ್ಣಿಗೆ ಎದುರು ಬರುವ ಎತ್ತಿನ ಗೊರಸೇ ಮೊದಲು ಕಾಣುತ್ತಿತ್ತು. ನಮ್ಮವರು ಕೊಪ್ಪಳದ ಕಚೇರಿಯಲ್ಲಿ ವಕೀಲರು. ಹೈದರಾಬಾದಿನ ಯಾರೋ ಶ್ರೀಮಂತರ ಮಗ ಪಂದ್ಯದಲ್ಲಿ ಓಡಿಸುತ್ತಿದ್ದ ಗಾಡಿಯಂತೆ. ಅವನಿಗೆ ಬೇಸರ ಬಂತು, ಇವರಿಗೆ ಹುಚ್ಚು ಹಿಡಿಯಿತು, ಗಾಡಿ ನಮ್ಮ ಮನೆಗೆ ಬಂತು. ಗಂಟೆಗೆ ಎಂಬತ್ತು ಮೈಲು ಓಡುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಓಡುತ್ತಿತ್ತೋ ಏನೋ. ಕೊಪ್ಪಳದಿಂದ ಗಂಗಾವತಿಯವರೆಗೆ ಅದು ಯಾರದೋ ಹುಲ್ಲಿನ ಬಂಡಿಯ ಹಿಂದೆ, ಬಂಡಿಯ ವೇಗದಲ್ಲೇ ಹೋಗುವುದನ್ನು ಎಲ್ಲರೂ ನೋಡಿದ್ದರು.

ಗಾಡಿಗಿಂತ ಇವರಿಗೆ ಟಾಯರಿನ ಚಿಂತೆಯೇ ಜಾಸ್ತಿ. ಎಂಜಿನ್ನು ಎಷ್ಟೇ ಜೋರಿದ್ದರೂ ನೆಲ ಮುಟ್ಟುವುದು ನಾಲ್ಕು ಅಂಗೈಯಗಲದ ರಬ್ಬರು ಮಾತ್ರ ಎಂದು ಕಕ್ಷಿದಾರರಿಗೆ ಕೂಡ ಉಪದೇಶ ಮಾಡುತ್ತಿದ್ದರು. ಹೊಲದ ಬದುವಿನ ತಂಟೆ ಹೇಳಿಕೊಳ್ಳಲು ಬಂದ ರೈತ ಗಾಳಿಯ ಒತ್ತಡದ ಪಾಠ ಕೇಳಿಕೊಂಡು ಹೋಗುತ್ತಿದ್ದ. ದಿನಾ ಬೆಳಿಗ್ಗೆ ಕಾಲಿನ ಪಂಪಿನಿಂದ ಗಾಳಿ ಹಾಕಬೇಕು. ಸಂಜೆ ಗಾಡಿ ಬಂದ ಕೂಡಲೇ ಚಿಮಟಿಗೆ ಹಿಡಿದು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಜಾಲಿಮುಳ್ಳು, ಎತ್ತಿನ ಲಾಳದಿಂದ ಉದುರಿದ ಮೊಳೆ ಎಲ್ಲ ಕಿತ್ತು ತೆಗೆಯಬೇಕು. ನನ್ನ ಕಾಲಿಗೆ ಮುಳ್ಳು ಚುಚ್ಚಿದಾಗ ಅದೇ ಚಿಮಟಿಗೆಯನ್ನು ನನ್ನ ಕೈಗೆ ಕೊಟ್ಟು ನೀನೇ ತೆಗೆದುಕೋ ಎಂದಿದ್ದರು.

ಇನ್ನೊಂದು ಗುಟ್ಟು ಹೇಳುತ್ತೇನೆ. ಆ ಎರಡನೆಯ ಆಸನ ನಮ್ಮ ಅತ್ತೆಯವರದು. ತಿಂಗಳಿಗೊಮ್ಮೆ ಹೇಮಗುಡ್ಡದ ದುರ್ಗಮ್ಮನ ದರ್ಶನಕ್ಕೆ ಮಗನ ಮೋಟಾರಿನಲ್ಲೇ ಹೋಗಬೇಕು. ಅತ್ತೆಯವರದು ತುಂಬಿದ ಮೈ. ಅವರು ಕೂತರೆ ಗಾಡಿ ಆ ಕಡೆಗೆ ವಾಲುತ್ತಿತ್ತು, ಆ ಕಡೆಯ ಟಾಯರುಗಳೇ ಮೊದಲು ಸವೆಯುತ್ತಿದ್ದವು. ಅದಕ್ಕೇ ನಮ್ಮವರು ಎರಡು ತಿಂಗಳಿಗೊಮ್ಮೆ ಎಡಗಡೆಯ ಗಾಲಿ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕುತ್ತಿದ್ದರು. ಯಾಕಪ್ಪಾ ಎಂದು ತಾಯಿ ಕೇಳಿದರೆ, ವಿಲಾಯತಿಯ ಪುಸ್ತಕದಲ್ಲಿ ಹಾಗೆ ಬರೆದಿದೆ ಎನ್ನುತ್ತಿದ್ದರು. ಮದುವೆಯಾಗಿ ವರ್ಷವಾಗಿದ್ದರೂ ಆ ಆಸನದಲ್ಲಿ ನಾನು ಕೂತಿರಲಿಲ್ಲ. ಧೂಳು ಒರೆಸುವ ನೆಪದಲ್ಲಿ ಒಂದೆರಡು ಸಲ ಕೂತದ್ದು ಲೆಕ್ಕಕ್ಕಿಲ್ಲ.

ಅಷ್ಟರಲ್ಲಿ ಯುದ್ಧ ಜೋರಾಯಿತು. ರಬ್ಬರು ಬರುವ ದೇಶವೇ ಜಪಾನಿನವರ ಪಾಲಾಯಿತಂತೆ. ಪರವಾನಗಿ ಇಲ್ಲದೆ ಟಾಯರ್ ಇಲ್ಲ, ಪರವಾನಗಿ ಇದ್ದರೂ ಟಾಯರ್ ಇಲ್ಲ. ನಮ್ಮ ಗಾಡಿಯ ಹಿಂದಿನ ಎರಡು ಟಾಯರು ಸವೆದು, ಒಳಗಿನ ನೂಲು ಕಾಣುತ್ತಿತ್ತು. ಗಾಡಿ ಕೊಟ್ಟಿಗೆ ಸೇರಿತು. ಹೇಮಗುಡ್ಡದ ದುರ್ಗಮ್ಮ ತಿಂಗಳುಗಟ್ಟಲೆ ನಮ್ಮ ಅತ್ತೆಯವರನ್ನು ಕಾಣದೆ ಕಳೆದಳು.

ನಾಗರ ಪಂಚಮಿ ಹತ್ತಿರ ಬರುತ್ತಿತ್ತು. ನನ್ನ ತವರು ಕುಷ್ಟಗಿ. ಪಂಚಮಿಗೆ ಮಗಳು ತವರಿಗೆ ಹೋಗದಿದ್ದರೆ ಹಬ್ಬ ಯಾವುದು ಹೇಳಿ. ಅಣ್ಣ ಬಂಡಿ ಕಟ್ಟಿಕೊಂಡು ಬರುತ್ತೇನೆಂದು ಹೇಳಿಕಳಿಸಿದ್ದ. ನಮ್ಮವರು ಆ ಸಲ ಏನನ್ನಿಸಿತೋ, ಬಂಡಿ ಬೇಡ, ಮೋಟಾರಿನಲ್ಲಿ ನಾನೇ ಬಿಟ್ಟು ಬರುತ್ತೇನೆ ಎಂದುಬಿಟ್ಟರು. ನನಗೆ ಆ ದಿನ ಊಟ ಸೇರಲಿಲ್ಲ. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಜೋಕಾಲಿ ಬಿಟ್ಟು ಓಡಿ ಬರುತ್ತಾರೆ, ನಾನು ಎರಡನೆಯ ಆಸನದಿಂದ ಮೆಲ್ಲಗೆ ಇಳಿಯುತ್ತೇನೆ, ಇದನ್ನೇ ರೊಟ್ಟಿ ಬಡಿಯುವಾಗಲೂ ನೋಡುತ್ತಿದ್ದೆ.

ಟಾಯರ್ ಇದ್ದದ್ದು ಕೊಪ್ಪಳದಲ್ಲಿ ಒಬ್ಬರ ಹತ್ತಿರ ಮಾತ್ರ. ಖಾಸೀಂ ಸಾಹೇಬರು ಹಿಂದೆ ಟಾಂಗಾ ಗಾಲಿ ಮಾಡುತ್ತಿದ್ದವರು, ಆಮೇಲೆ ಬಸ್ಸಿನ ಗಾಲಿ, ಟಾಯರು ನೋಡಿಕೊಳ್ಳುತ್ತಿದ್ದರು. ಯುದ್ಧಕ್ಕೆ ಮುಂಚೆ ತರಿಸಿದ್ದ ಎರಡು ಜೋಡಿ ಅವರ ಅಟ್ಟದಲ್ಲಿದ್ದವು. ನಮ್ಮವರು ಮೂರು ಸಲ ಕೇಳಿದರೂ ಇಲ್ಲ ಎಂದಿದ್ದರು. ಪಂಚಮಿಯ ಮಾತು ಬಂದದ್ದೇ ಮುದುಕ ಕರಗಿದರು.

"ಹೆಣ್ಮಗಳು ತವರಿಗೆ ಹೊಂಟಾಳಂದ್ರ ಇಲ್ಲ ಅನ್ನಾಕ ಬರಂಗಿಲ್ರಿ," ಎಂದು ಎರಡೂ ಜೋಡಿಯನ್ನು ಕೈಗಾಡಿಯಲ್ಲಿ ನಮ್ಮ ಮನೆಗೇ ತಂದರು, ಬೇಕಾದ್ದು ಆರಿಸಿಕೊಳ್ಳಿ ಎಂದು.

ಒಂದು ಜೋಡಿಗೆ ಉದ್ದುದ್ದ ಗೆರೆ, ಇನ್ನೊಂದಕ್ಕೆ ಗಂಟುಗಂಟು. ಓಟದ ಗಾಡಿಗೆ ಗೆರೆಯದೇ ಸರಿ ಎಂದು ನಮ್ಮವರು ಪುಸ್ತಕ ತಂದು ತೋರಿಸಿದರು. ಪುಸ್ತಕ ಬರೆದವನು ಯಲಬುರ್ಗಿಯ ಎರೆಭೂಮಿ ನೋಡಿಲ್ಲ, ಮಳೆಯಲ್ಲಿ ಗೆರೆಯ ಟಾಯರು ಜಾರಿ ಹಳ್ಳ ಸೇರುತ್ತದೆ, ಗಂಟಿನದೇ ತಗೊಳ್ಳಿ ಎಂದು ಸಾಹೇಬರು ಪಟ್ಟು ಹಿಡಿದರು. ಅರ್ಧ ಗಂಟೆ ವಾದ ನಡೆಯಿತು. ಅತ್ತೆಯವರು ಹೊರಗೆ ಬಂದು ಎರಡನ್ನೂ ಕುಂಬಳಕಾಯಿ ತಟ್ಟಿದಂತೆ ತಟ್ಟಿ, ಯಾವುದು ಭಾರವಿದೆಯೋ ಅದನ್ನು ತಗೋ, ಎಂದಿಗಾದರೂ ಅದೇ ಬಾಳಿಕೆ ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಗಂಟಿನದೇ ಎನ್ನುತ್ತಿದ್ದೆ. ಅಂಗಳದ ಮಣ್ಣಿನಲ್ಲಿ ಅದು ಉರುಳಿದ ಗುರುತು ಎಳೆಯ ರಂಗೋಲಿಯ ಹಾಗೆ ಚೆಂದ ಮೂಡಿತ್ತು. ಕಡೆಗೆ ಗಂಟಿನದೇ ಉಳಿಯಿತು. ಸೋತ ವಕೀಲರ ಮುಖ ನೋಡುವಂತಿರಲಿಲ್ಲ.

ಮರುವಾರವೇ ಅವರು ಒಂದು ಮೊಕದ್ದಮೆಯ ಮೇಲೆ ಗುಲ್ಬರ್ಗಕ್ಕೆ ಹೊರಟರು. ಬರುವುದು ಒಂದು ತಿಂಗಳಾದ ಮೇಲೆ, ಪಂಚಮಿಯ ಹಿಂದಿನ ದಿನ. ಟಾಯರುಗಳನ್ನು ಕಾಳಿನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟು, ಬಾಗಿಲಲ್ಲಿ ನಿಂತು ನನಗೆ ಒಂದೇ ಮಾತು ಹೇಳಿದರು.

"ಒಣಗಿ ಸೀಳು ಬಿಟ್ಟಾವು. ಕಣ್ಣಿಟ್ಟು ಜ್ವಾಪಾನ ಮಾಡು."

ಈಗ ನಮ್ಮಪ್ಪನ ಬಾವಿಯ ಮಾತು ಹೇಳದಿದ್ದರೆ ನನ್ನ ಕಥೆ ನಿಮಗೆ ತಿಳಿಯುವುದಿಲ್ಲ. ಕುಷ್ಟಗಿಯ ನಮ್ಮ ತೋಟದಲ್ಲಿ ಕಪಲಿ ಇತ್ತು. ಎತ್ತು ಕಟ್ಟಿ, ತೊಗಲಿನ ದೊಡ್ಡ ಬಾನಿ ಬಾವಿಗಿಳಿಸಿ ನೀರೆಳೆಯುವುದು. ಬೇರೆಯವರ ಬಾನಿ ವರ್ಷಕ್ಕೆ ಒಡೆದರೆ ನಮ್ಮದು ಮೂರು ವರ್ಷ ಬರುತ್ತಿತ್ತು. ಗುಟ್ಟು ಇಷ್ಟೇ. ಕುಸುಬಿ ಎಣ್ಣೆಯನ್ನು ಕಪ್ಪಗೆ, ಮಂದಗೆ, ಜೇನಿನಂತೆ ಆಗುವವರೆಗೆ ಸುಡಬೇಕು. ಎಂಟು ದಿನಕ್ಕೊಮ್ಮೆ ಅದನ್ನು ತೊಗಲಿಗೆ ಅಂಗೈಯಿಂದ ತಿಕ್ಕಿ ತಿಕ್ಕಿ ಕುಡಿಸಬೇಕು. ಆ ಕೆಲಸ ನನ್ನದಾಗಿತ್ತು. ನಮ್ಮವ್ವ ನನ್ನ ತಲೆಗೆ ಎಣ್ಣೆ ಹಚ್ಚಲು ಮರೆತಾಳು, ನಾನು ಬಾನಿಗೆ ಹಚ್ಚಲು ಮರೆಯುತ್ತಿರಲಿಲ್ಲ. ಇವಳ ಕೈಗುಣ ಛಲೋ ಎಂದು ಅಪ್ಪ ಊರೆಲ್ಲ ಹೇಳುತ್ತಿದ್ದ. ರಬ್ಬರು ಗಿಡದ ಹಾಲೆಂದು ನನಗೆ ಯಾರು ಹೇಳಬೇಕಿತ್ತು? ಕಪ್ಪಗಿದೆ, ದಪ್ಪಗಿದೆ, ಒಣಗಿದರೆ ಸೀಳುತ್ತದೆ. ವಿಲಾಯತಿಯ ಎಮ್ಮೆಯ ತೊಗಲಿರಬೇಕು ಎಂದುಕೊಂಡೆ.

ಅತ್ತೆಯವರು ಪುರಾಣ ಕೇಳಲು ಹೋದ ಮಧ್ಯಾಹ್ನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಎಣ್ಣೆ ಸುಟ್ಟೆ. ಎಂಟು ದಿನಕ್ಕೊಮ್ಮೆ ಎಂದರೆ ಸಾಲದು ಎನ್ನಿಸಿತು, ಗಂಡನ ಸಾಮಾನಲ್ಲವೆ, ಎರಡು ದಿನಕ್ಕೊಮ್ಮೆ ಹಚ್ಚಿದೆ. ಒಂದೊಂದು ಗಂಟಿನ ಸಂದಿಗೂ ಬೆರಳು ಹಾಕಿ ಕುಡಿಸಿದೆ. ಬಾನಿಗಿಂತ ಚೆನ್ನಾಗಿ ಕುಡಿದವು. ದಿನದಿನಕ್ಕೆ ಮೆತ್ತಗಾಗುತ್ತ ಬಂದಾಗ, ನನ್ನ ಕೈಗುಣದ ಬಗ್ಗೆ ನನಗೇ ಹೆಮ್ಮೆಯಾಯಿತು. ಯಾರಿಗೂ ಹೇಳಲಿಲ್ಲ. ಅವರು ಬಂದು, ನೋಡಿ, ಬೆರಗಾಗಿ ಕೇಳಲಿ ಎಂದಿದ್ದೆ.

ಬಂದರು, ನೋಡಿದರು, ಬೆರಗೂ ಆದರು. ಆದರೆ ಖಾಸೀಂ ಸಾಹೇಬರ ಮಾಲಿನ ಹೊಳಪು ನೋಡು ಎಂದರು. ಅವರು ನಶ್ಯದ ಮನುಷ್ಯರು, ಮೂಗು ಮುಖಕ್ಕೆ ಅಲಂಕಾರಕ್ಕಿತ್ತು, ವಾಸನೆಗಲ್ಲ. ಹಿಂದಿನ ಗಾಲಿಗಳಿಗೆ ಏರಿಸುವಾಗ ಟಾಯರಿಗೆ ಅಂಟಿದ್ದು ಅವರ ಕೈಗೆ ಅಂಟಿತು, ಹೊಸ ಮಾಲು ಹಾಗೇ ಎಂದು ಪಂಚೆಗೆ ಒರೆಸಿಕೊಂಡರು. ಹೇಳಲು ಬಾಯಿ ತೆಗೆದೆ. ಆಮೇಲೆ ಕುಷ್ಟಗಿ ಮುಟ್ಟಿದ ಮೇಲೆ ಅಪ್ಪನ ಎದುರಿಗೇ ಹೇಳೋಣ ಎಂದು ನುಂಗಿಕೊಂಡೆ.

ಪಂಚಮಿಯ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ತಂಬಿಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಆ ಆಸನದಲ್ಲಿ ಕೂತೆ. ಅಂಥ ಸುಖವನ್ನು ನಾನು ಮತ್ತೆ ಕಂಡಿಲ್ಲ. ಊರು ದಾಟಿ ಯಲಬುರ್ಗಿಯ ದಾರಿ ಹಿಡಿದೆವು. ಮಳೆ ಬಿದ್ದಿರಲಿಲ್ಲ, ದಾರಿ ಒಣಗಿತ್ತು. ಸ್ವಲ್ಪ ಹೊತ್ತಿನಲ್ಲೇ ಹಿಂದಿನಿಂದ ಪಟಪಟ ಸದ್ದು. ಇಳಿದು ನೋಡಿದರೆ ಟಾಯರು ದಾರಿಯನ್ನೆಲ್ಲ ಮೈಗೆ ಅಂಟಿಸಿಕೊಂಡಿತ್ತು. ಹುಲ್ಲು, ಹೊಟ್ಟು, ಜಾಲಿಮುಳ್ಳು, ಹರಳು, ಯಾರದೋ ಕೋಳಿಯ ಪುಕ್ಕ. ನಮ್ಮವರು ಎಲ್ಲ ಕಿತ್ತು ಮತ್ತೆ ಹೊರಟರು. ಮುಂದೆ ನೆಟ್ಟಗೆ, ಖಾಲಿಯಾಗಿ ಒಂದು ದಾರಿ ಸಿಕ್ಕಿತು. ಈ ಗಾಡಿ ಎಂಥದ್ದೆಂದು ಇವತ್ತು ತೋರಿಸುತ್ತೇನೆ ಎಂದು ಒತ್ತಿದರು. ಗಾಳಿಗೆ ನನ್ನ ಸೆರಗು ಹಾರಿತು. ತೋಪು ಹಾರಿದಂಥ ಸದ್ದಾಗಿ ಗಾಡಿ ಎರಡು ಸುತ್ತು ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ತಂಬಿಟ್ಟು ಹೊಲದ ಪಾಲು. ನಮ್ಮಿಬ್ಬರಿಗೂ ಏನೂ ಆಗಿರಲಿಲ್ಲ. ಒಂದು ಟಾಯರು ಸೀಳಿ ಬಾಯಿ ಬಿಟ್ಟಿತ್ತು, ಇನ್ನೊಂದು ಪೂರಿಯ ಹಾಗೆ ಉಬ್ಬಿಕೊಂಡು, ನಾವು ನೋಡುತ್ತಿರುವಂತೆಯೇ ಉಸ್ಸೆಂದು ಕೂತಿತು.

ಗಂಟೆಗೆ ಎಂಬತ್ತು ಮೈಲಿನ ಮೋಟಾರಿಗೆ ಯಾರದೋ ಎತ್ತು ಹೂಡಿ ಕೊಪ್ಪಳಕ್ಕೆ ಎಳೆದು ತಂದೆವು. ಹಬ್ಬದ ದಿನ, ಊರೆಲ್ಲ ಬೀದಿಯಲ್ಲಿ. ನಮ್ಮವರು ಚಕ್ರ ಹಿಡಿದು ನೆಟ್ಟಗೆ ಕೂತಿದ್ದರು, ನಾನು ಸೆರಗು ಎಳೆದು ಮುಖ ಮುಚ್ಚಿಕೊಂಡಿದ್ದೆ. ಎತ್ತಿನವನು ಹೋ ಹೋ ಎನ್ನುವುದೊಂದೇ ಸದ್ದು.

ಮನೆಗೆ ಬಂದದ್ದೇ ಅವರ ಸಿಟ್ಟೆಲ್ಲ ಖಾಸೀಂ ಸಾಹೇಬರ ಮೇಲೆ. ರಬ್ಬರೆಂದು ಬೆಲ್ಲ ಮಾರಿದ್ದಾನೆ, ಗೆರೆಯದು ಬೇಕೆಂದರೆ ಕೊಳೆತದ್ದನ್ನು ಕಟ್ಟಿದ್ದಾನೆ ಎಂದು ಪೇಟೆಯ ಕಟ್ಟೆಯ ಮೇಲೆ ನಿಂತು ಸಾರಿದರು. ವಕೀಲರ ಮಾತು, ಊರು ನಂಬಿತು. ಎರಡೇ ದಿನದಲ್ಲಿ ಬಸ್ಸಿನವರು ಗಾಲಿಗಳನ್ನು ಗದಗಿಗೆ ಕಳಿಸತೊಡಗಿದರು. ನಮ್ಮವರು ಆಗ ಕಚೇರಿಯ ಭಾಷೆಯಾಗಿದ್ದ ಉರ್ದುವಿನಲ್ಲಿ ನೋಟೀಸು ಬರೆದು ತಾಯಿಗೆ ಓದಿ ಹೇಳಿದರು. ಅತ್ತೆಯವರಿಗೆ ಒಂದಕ್ಷರ ತಿಳಿಯದಿದ್ದರೂ ಭಾಳ ಛಲೋ ಬರೆದಿದ್ದೀ ಎಂದರು. ನನಗೆ ತಿಳಿದದ್ದು ಸಾಹೇಬರ ಹೆಸರು ಮಾತ್ರ. ಅದು ನಾಲ್ಕು ಸಲ ಬಂತು. ನಾಲ್ಕು ಸಲವೂ ಅಂಗೈಯನ್ನು ಸೆರಗಿಗೆ ಒರೆಸಿಕೊಂಡೆ.

ಯಾಕೆಂದರೆ ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಮುಂದಿನ ಟಾಯರುಗಳು ಹಳೆಯವು, ಎಣ್ಣೆ ಕಾಣದವು, ಗಟ್ಟಿಯಾಗಿ ನಿಂತಿದ್ದವು. ನಾನು ಮುದ್ದು ಮಾಡಿದವು ಮಾತ್ರ ಹಲಸಿನ ತೊಳೆಯಂತಾಗಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ, ನಾನು ದಿನಕ್ಕೆ ಹತ್ತು ಸಲ ಅಂಗೈ ಮೂಸಿಕೊಳ್ಳುತ್ತಿದ್ದೆ. ಹೇಳಿದರೆ ಗಂಡನ ಕಣ್ಣಿನಲ್ಲಿ ಹಳ್ಳಿಯ ಗಮಾರಿಯಾಗುತ್ತೇನೆ, ಅತ್ತೆಯವರಿಗೆ ಜೀವಮಾನಕ್ಕೆ ಸಾಕಾಗುವಷ್ಟು ಮಾತು ಸಿಗುತ್ತದೆ. ಹೇಳದಿದ್ದರೆ ನನ್ನನ್ನು ತವರಿಗೆ ಕಳಿಸಲೆಂದು ಅಟ್ಟದಿಂದ ಮಾಲಿಳಿಸಿದ ಮುದುಕನ ಹೊಟ್ಟೆಯ ಮೇಲೆ ಹೊಡೆದಂತೆ. ಮೂರು ದಿನ ಹೀಗೇ ಹೇಡಿಯಂತೆ ಕಳೆದೆ. ನನಗೆ ಈಗಲೂ ನನ್ನ ಮೇಲೆ ಸಿಟ್ಟು ಬರುವುದು ಎಣ್ಣೆ ಹಚ್ಚಿದ್ದಕ್ಕಲ್ಲ, ಆ ಮೂರು ದಿನಕ್ಕೆ.

ನಾಲ್ಕನೆಯ ದಿನ ಸಾಹೇಬರೇ ಬಂದರು. ಟಾಯರು ನೋಡಬೇಕೆಂದರು. ಅಂಗಳದ ಕಟ್ಟೆಯ ಮೇಲೆ ಕೂತು ಸೀಳಿದ್ದನ್ನು ತೊಡೆಯ ಮೇಲೆ ಎಳೆದುಕೊಂಡು ಉಗುರಿನಿಂದ ಕೆರೆದರು, ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಹಿಡಿದರು. ಟಾಂಗಾದ ತೊಗಲಿನ ಪಟ್ಟಿಗಳಿಗೆ ಅದೇ ಎಣ್ಣೆ ಹಚ್ಚುತ್ತ ಬೆಳೆದ ಮನುಷ್ಯ, ತಿಳಿಯದೆ ಇರುತ್ತದೆಯೆ? ನಾನು ಬಾಗಿಲ ಹಿಂದಿದ್ದೆ. ಇಣುಕಲು ಕದ ಹಿಡಿದಾಗ ಬಳೆ ಸದ್ದಾಯಿತು. ಅವರು ಬಾಗಿಲ ಕಡೆ ಒಮ್ಮೆ ನೋಡಿ ಟಾಯರನ್ನು ಕೆಳಗಿಟ್ಟರು.

"ತಪ್ಪು ನಂದ ಐತ್ರಿ ವಕೀಲ ಸಾಹೇಬ್ರ," ಎಂದರು. "ಮಾಲು ಹಳೇದಿತ್ತು, ನಾ ನೋಡಿ ಕೊಡಬೇಕಿತ್ತು. ಕಾಗದ ಕೊಡ್ರಿ, ಎಲ್ಲಿ ಸಹಿ ಮಾಡ್ಲಿ?"

ನಮ್ಮವರು ಗೆದ್ದ ಮುಖದಿಂದ ಕಾಗದ ತರಲು ಎದ್ದರು. ಆಗಿನ ಕಾಲದಲ್ಲಿ ನಮ್ಮಂಥ ಮನೆಯ ಸೊಸೆ ಪರಗಂಡಸರ ಮುಂದೆ ಹೊಸ್ತಿಲು ದಾಟುತ್ತಿರಲಿಲ್ಲ. ನಾನು ದಾಟಿದ್ದು ನನಗೇ ತಿಳಿಯಲಿಲ್ಲ.

"ಸಾಹೇಬ್ರು ಸುಳ್ಳು ಹೇಳಾಕತ್ಯಾರ್ರಿ. ಕುಸುಬಿ ಎಣ್ಣಿ ಸುಟ್ಟು ಹಚ್ಚಿದಾಕಿ ನಾನು. ಎರಡು ದಿನಕ್ಕೊಮ್ಮಿ ಹಚ್ಚೀನಿ."

ನಮ್ಮವರು ನನ್ನನ್ನು ನೋಡಿದರು, ಟಾಯರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಗ ಒಳಗೆ ದೇವರ ಕೋಣೆಯಿಂದ ಅತ್ತೆಯವರ ದನಿ ಬಂತು.

"ಶನಿವಾರ ಶನಿವಾರ ನಾನೂ ಒಂದೊಂದು ಗಿಂಡಿ ಎಳ್ಳೆಣ್ಣಿ ಹಾಕೇನಪ್ಪ. ಮಗನ ಗಾಡಿಗೆ ಶನಿಕಾಟ ಬ್ಯಾಡಂತ."

ಓಹೋ, ಬಾನಿಗಿಂತ ಚೆನ್ನಾಗಿ ಕುಡಿದದ್ದು ಇದಕ್ಕೇ! ನನಗೆ ಅಳು ಬಂದಿತ್ತು, ಅದರ ನಡುವೆಯೇ ನಗು ನುಗ್ಗಿತು. ಸಾಹೇಬರು ಗಡ್ಡಕ್ಕೆ ಕೈ ಅಡ್ಡ ಹಿಡಿದರು. ನಮ್ಮವರು ನಶ್ಯ ಏರಿಸಿ ನಾಲ್ಕು ಸಲ ಸೀನಿದರು. ಸಾಹೇಬರಿಗೆ ಚಹಾ ಮಾಡಿಕೊಡು ಎಂದು ನನಗೆ ಹೇಳಿ, ಅವರ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು ಸಣ್ಣ ದನಿಯಲ್ಲಿ ಮಾಫ್ ಮಾಡಿ ಎಂದರು. ಚಹಾ ಕುಡಿದು ಇಬ್ಬರೂ ಕೂಡಿಯೇ ಪೇಟೆಗೆ ಹೋದರು. ಕಟ್ಟೆಯ ಮೇಲೆ ಆಡಿದ ಮಾತನ್ನು ಕಟ್ಟೆಯ ಮೇಲೆಯೇ ವಾಪಸು ತಗೊಳ್ಳಬೇಕಲ್ಲ.

ನನಗೋ ಜೀವವೇ ಹೋದಂತಾಯಿತು. ಪೇಟೆಯಲ್ಲಿ ಏನು ಹೇಳುತ್ತಾರೆಂದು ತಿಳಿಯದೆ ಇರುತ್ತದೆಯೆ? ವಕೀಲರ ಹೆಂಡತಿ ಟಾಯರಿಗೆ ಒಗ್ಗರಣೆ ಹಾಕಿದಳೆಂದು ಊರೆಲ್ಲ ಆಡಿಕೊಳ್ಳುತ್ತದೆ. ಒಂದು ತಿಂಗಳು ಗುಡಿಗೂ ಹೋಗಲಿಲ್ಲ. ಬಸ್ಸಿನವರು ಮತ್ತೆ ಸಾಹೇಬರ ಹತ್ತಿರ ಬರುತ್ತಿದ್ದಾರೆ ಎಂದು ಕೇಳಿ ಸಮಾಧಾನವಾಯಿತು, ಅಷ್ಟೆ.

ತಿಂಗಳಾದ ಮೇಲೆ ಬಳೆಗಾರ್ತಿ ಬಂದಳು. ನನ್ನ ಕೈ ಹಿಡಿದು ಬಳೆ ಏರಿಸುತ್ತ ಒಳಗೊಳಗೇ ನಗುತ್ತಿದ್ದಳು. ಏನೆಂದು ಗದರಿಸಿ ಕೇಳಿದೆ.

"ಸಿಟ್ಟಾಗಬ್ಯಾಡ್ರಿ ಅವ್ವಾರ. ನಿಮ್ಮ ಯಜಮಾನ್ರು ಟಾಯರಿಗೆ ತಾವ ಎಣ್ಣಿ ಸುಟ್ಟು ಹಚ್ಚಿದ್ರಂತಲ್ರಿ. ಕಟ್ಟಿ ಮ್ಯಾಲ ನಿಂತು ಅವರ ಹೇಳ್ಯಾರ. ಕಚೇರ್ಯಾಗ ಎಲ್ಲಾರೂ ಅವರಿಗೆ ಎಣ್ಣಿ ವಕೀಲ್ರು ಅಂತಾರ್ರಿ."

ಬಳೆಯೊಂದು ಒಡೆಯಿತು. ಕೊಪ್ಪಳದಿಂದ ಗಂಗಾವತಿಯವರೆಗೆ ಟಾಯರಿನ ವಿಷಯದಲ್ಲಿ ಇವರ ಮಾತಿಗೆ ಎದುರಿರಲಿಲ್ಲ. ದಾರಿಯಲ್ಲಿ ಹೋಗುವವರನ್ನು ಕರೆದು ಪಾಠ ಹೇಳುತ್ತಿದ್ದವರು. ಒಂದು ತಿಂಗಳಿಂದ ಯಾಕೆ ಯಾರೊಂದಿಗೂ ಟಾಯರಿನ ಮಾತು ಆಡುತ್ತಿಲ್ಲ ಎಂದು ನಾನು ಯೋಚಿಸಿರಲೂ ಇಲ್ಲ.

ಅಂದು ಊಟಕ್ಕೆ ಬಡಿಸುತ್ತ ಕೇಳಿದೆ. ಹಚ್ಚಿದವಳು ನಾನು, ಊರಿಗೆ ಯಾಕೆ ಸುಳ್ಳು ಹೇಳಿದಿರಿ ಎಂದೆ. ಅವರು ತಲೆ ಎತ್ತಲಿಲ್ಲ, ಬದನೆಕಾಯಿ ಪಲ್ಯ ರೊಟ್ಟಿಗೆ ಒತ್ತಿಕೊಳ್ಳುತ್ತಿದ್ದರು.

"ಸುಳ್ಳು ಹೇಳೂದು ನನ್ನ ಕಸಬು," ಎಂದರು. "ನೀ ನಿನ್ನ ಕಸಬು ನೋಡು. ಇನ್ನೊಂದು ರೊಟ್ಟಿ ಹಾಕು."